ಐವತ್ತು ದಾಟಿದರೆ ನಡುಗುವ ಗಾಡಿ

ನಮ್ಮ ಮನೆಯವರು ಹತ್ತಿ ಲೋಡಿನ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದಾಗ ಹಗ್ಗ ಹರಿದು ಕೆಳಗೆ ಬಿದ್ದರು. ಬೆನ್ನುಮೂಳೆಗೆ ಪೆಟ್ಟಾಯಿತು. ರಾಯಚೂರಿನಲ್ಲಿ ಆಪರೇಷನ್ ಆಗಿ ಮನೆಗೆ ಬಂದಾಗ ಡಾಕ್ಟರು ಹೇಳಿದ್ದು ಇಷ್ಟೇ: ನಡೆದಾಡಬಹುದು, ಮನೆಗೆಲಸ ಮಾಡಬಹುದು, ಆದರೆ ಸ್ಟೇರಿಂಗ್ ಹಿಡಿದು ಗಂಟೆಗಟ್ಟಲೆ ಕೂರುವುದು ಇನ್ನು ಬೇಡ. ದೇವದುರ್ಗದ ನಮ್ಮ ಮನೆಯ ಮುಂದೆ ಪಿಕಪ್ ಗಾಡಿ ಧೂಳು ಹಿಡಿದು ನಿಂತಿತು. ಮಾರಿಬಿಡೋಣ ಎಂದರು ಮೈದುನರು. ನಾನು ಬೇಡ ಎಂದೆ. ಅಣ್ಣನನ್ನು ಕರೆಸಿಕೊಂಡು ಕಾಲುವೆ ದಂಡೆಯ ದಾರಿಯಲ್ಲಿ ಓಡಿಸಲು ಕಲಿತೆ. ಲೈಸೆನ್ಸ್ ಬಂದ ಮೇಲೆ ಮಾನ್ವಿಯ ರೈಸ್ ಮಿಲ್ಲಿನಿಂದ ರಾಯಚೂರಿನ ಅಂಗಡಿಗಳಿಗೆ ಅಕ್ಕಿ ಸಾಗಿಸುವ ಕೆಲಸ ಹಿಡಿದೆ.

ಕಲಿಯುವಾಗ ಕ್ಲಚ್ ಪ್ಲೇಟ್ ಸುಟ್ಟದ್ದು ನಿಜ. ಮಾನ್ವಿಯಲ್ಲಿ ನಮ್ಮವರ ಹಳೆಯ ದೋಸ್ತರೊಬ್ಬರ ಗ್ಯಾರೇಜ್ ಇದೆ. ಇಬ್ಬರೂ ಹರೆಯದಲ್ಲಿ ಒಂದೇ ಲಾರಿಯಲ್ಲಿ ಕ್ಲೀನರ್ ಆಗಿದ್ದವರು. ಅವರನ್ನು ನಾನು ಭಾಯಿ ಎಂದೇ ಕರೆಯುವುದು. ಅವರೇ ಗೇರ್ ಬಾಕ್ಸ್ ಇಳಿಸಿ ಹೊಸ ಪ್ಲೇಟ್ ಹಾಕಿಕೊಟ್ಟರು.

ಗಾಡಿ ಐವತ್ತರ ವೇಗ ದಾಟಿದರೆ ಸಣ್ಣಗೆ ನಡುಗುತ್ತಿತ್ತು. ಗಾಡಿ ಎಂದರೆ ಹೀಗೇ ಇರಬಹುದು ಅಂದುಕೊಂಡೆ. ಬೇರೆ ಗಾಡಿ ಓಡಿಸಿದವಳಲ್ಲ, ಕಾಲುವೆ ದಂಡೆಯಲ್ಲಿ ಅಷ್ಟು ವೇಗಕ್ಕೆ ಹೋದವಳೂ ಅಲ್ಲ, ಹೋಲಿಸಲು ನನ್ನ ಬಳಿ ಏನೂ ಇರಲಿಲ್ಲ. ಆದರೆ ಬೇಸಿಗೆ ಹೊತ್ತಿಗೆ ನಡುಕ ಜೋರಾಯಿತು. ಸೀಟಿನ ಕೆಳಗಿನಿಂದ ಗುಂಯ್ ಎಂಬ ಸದ್ದು ಎದ್ದು ಸೊಂಟದವರೆಗೆ ಬರುತ್ತಿತ್ತು. ರಾಯಚೂರು ಮುಟ್ಟುವಷ್ಟರಲ್ಲಿ ತೊಡೆ ಜೋಮು ಹಿಡಿಯುತ್ತಿತ್ತು. ಭಾಯಿಗೆ ತೋರಿಸಿದರೆ ನನ್ನಿಂದಲೇ ಒಂದು ಸುತ್ತು ಓಡಿಸಿ, ಪಕ್ಕದಲ್ಲಿ ಕೂತು ಕೇಳಿ, "ಭಾಬೀ, ನೀವು ಕ್ಲಚ್ ಮ್ಯಾಲಿಂದ ಕಾಲು ತೆಗೆಯಂಗಿಲ್ಲ. ಅದಕ್ಕ ಹಿಂಗಾಗ್ತದ," ಎಂದರು. ಆ ಮಾತು ಮಾನ್ವಿಯ ಗಾಡಿ ಸ್ಟ್ಯಾಂಡಿನ ಚಹಾದಂಗಡಿಗೂ ಹೋಯಿತು. ಅಲ್ಲಿ ಕೂತ ಡ್ರೈವರುಗಳು ನನ್ನ ಗಾಡಿ ಕಂಡರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಕಾಲು ಕ್ಲಚ್ಚಿಗೆ ತಾಗದಂತೆ ಎಳೆದೆಳೆದು ಇಟ್ಟುಕೊಂಡು ನನಗೆ ಮೊಣಕಾಲು ನೋವು ಬಂತೇ ಹೊರತು ನಡುಕ ಹೋಗಲಿಲ್ಲ.

ಮನೆಯಲ್ಲಿ ಇದನ್ನು ಹೇಳುವಂತಿರಲಿಲ್ಲ. ಬಿದ್ದಂದಿನಿಂದ ನಮ್ಮವರು ಗಾಡಿಯ ಮಾತೆತ್ತಿದರೆ ಗೋಡೆ ಕಡೆ ಹೊರಳಿ ಮಲಗುತ್ತಿದ್ದರು. ನಾನು ಹೊರಡುವಾಗ ಬಾಗಿಲಿಗೂ ಬರುತ್ತಿರಲಿಲ್ಲ. ಸಿಟ್ಟಲ್ಲ ಅದು. ತಾನು ಮಾಡಬೇಕಾದ್ದನ್ನು ಹೆಂಡತಿ ಮಾಡುವುದನ್ನು ನೋಡಲು ಅವರಿಗೆ ಆಗುತ್ತಿರಲಿಲ್ಲ. ಅದು ನನಗೆ ತಿಳಿಯುತ್ತಿತ್ತು. ಹಾಗಾಗಿ ನಾನೂ ಸುಮ್ಮನಿರುತ್ತಿದ್ದೆ.

ಒಂದು ಸಂಜೆ ರೊಟ್ಟಿ ಬಡಿಯುತ್ತಾ ಕೂತವಳಿಗೆ ಸೊಂಟ ಹಿಡಿದುಕೊಂಡಿತು. "ಯವ್ವಾ" ಎಂದು ನರಳಿದೆ.

"ಏನಾತು?" ಎಂದರು ಮಂಚದಿಂದ.

"ಏನಿಲ್ರೀ. ಗಾಡಿ ನಡುಗ್ತದ. ದಿನಾ ಕುಂತು ಕುಂತು ಹಿಂಗಾಗ್ಯದ."

ಗೋಡೆ ಕಡೆ ಹೊರಳಿದರು ಅಂದುಕೊಂಡೆ. ಆಮೇಲೆ ಕೇಳಿದರು: "ಸ್ಟೇರಿಂಗ್ ನಡುಗ್ತದೋ, ಕುಂಡಿ ನಡುಗ್ತದೋ?"

ನನಗೆ ನಗು ಬಂತು. ಅವರು ನಗಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರು ಗಾಡಿಯ ಬಗ್ಗೆ ಕೇಳಿದ ಮೊದಲ ಮಾತು ಅದು. ರೊಟ್ಟಿ ಹಂಚಿನ ಮೇಲೆಯೇ ಸೀದುಹೋಯಿತು.

"ಸ್ಟೇರಿಂಗ್ ಸುಮ್ಮನದ. ಸೀಟಿನ ಕೆಳಗಿಂದ ಬರ್ತದ."

"ಹಂಗಾದ್ರ ಮುಂದಿನ ಗಾಲಿ ಅಲ್ಲ. ನಾಳಿ ಒಂದು ಕೆಲಸ ಮಾಡು. ಸಪಾಟು ರಸ್ತಿ ನೋಡಿ, ಹಿಂದ ಮುಂದ ಯಾರೂ ಇಲ್ಲದಾಗ, ನಡುಗೋ ಸ್ಪೀಡಿಗೆ ಬಂದು ಕ್ಲಚ್ ಪೂರ್ತಿ ಒತ್ತು. ಎಂಜಿನ್ ಸದ್ದು ಇಳೀತದ. ಆಗೂ ನಡುಗ್ತದೇನು ನೋಡು."

ಮರುದಿನ ರಾಯಚೂರಿನಿಂದ ತಿರುಗಿ ಬರುವಾಗ ಗಬ್ಬೂರು ದಾಟಿದ ಮೇಲೆ ಹಾಗೇ ಮಾಡಿದೆ. ಎಂಜಿನ್ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ಬದಿಗೆ ನಿಲ್ಲಿಸಿ ಫೋನ್ ಮಾಡಿದೆ. "ಹಂಗಾದ್ರ ಎಂಜಿನ್ನೂ ಅಲ್ಲ, ಕ್ಲಚ್ಚೂ ಅಲ್ಲ," ಎಂದರು. ಅವರ ದನಿಯಲ್ಲಿ ಏನೋ ಎದ್ದು ಕೂತಂತಿತ್ತು. "ಈಗ ಮೂರನೇ ಗೇರಿನ್ಯಾಗ ಅಷ್ಟೇ ಸ್ಪೀಡ್ ತೊಗೊಂಡು ನೋಡು." ನೋಡಿದೆ. ಎಂಜಿನ್ ಕಿರುಚಿತು, ಆದರೆ ನಡುಕ ಅಷ್ಟೇ. ಗೇರ್ ಯಾವುದಾದರೂ ಅದಕ್ಕೆ ಲೆಕ್ಕವಿಲ್ಲ, ಗಾಡಿ ಓಡುವ ವೇಗವೊಂದೇ ಲೆಕ್ಕ. ಪಂಕ್ಚರ್ ಅಂಗಡಿಯಲ್ಲಿ ಹಿಂದಿನ ಗಾಲಿ ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿಸಲು ಹೇಳಿದರು. ಅದನ್ನೂ ಮಾಡಿಸಿದೆ. ನಡುಕ ಜಾಗ ಬದಲಿಸಲಿಲ್ಲ, ಅಂದರೆ ಗಾಲಿಯೂ ಅಲ್ಲ.

ಸಂಜೆ ಮನೆಗೆ ಹೋದರೆ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನ ಬರ್ತೀನಿ. ಹಿಂದ ಗಾದಿ ಹಾಕು," ಎಂದರು. ಅತ್ತೆ ಬೇಡ ಎಂದು ಗೋಗರೆದರು. ನಾನೂ ಹೆದರಿದೆ. ಆದರೆ ಅವರ ಮುಖ ನೋಡಿ ಇಲ್ಲವೆನ್ನಲಾಗಲಿಲ್ಲ. ಗಾಡಿಯ ಹಿಂದೆ ಸಾಮಾನು ತುಂಬುವ ಡಾಲಾದಲ್ಲಿ ಎರಡು ಗಾದಿ, ಅದರ ಮೇಲೆ ಕೌದಿ ಹಾಸಿದೆ. ಬೋರಲು ಮಲಗಿ ಕಿವಿಯನ್ನು ತಗಡಿಗೆ ಒತ್ತಿಕೊಂಡರು. ಇನ್ನೂ ಬಿಸಿಲು ಇತ್ತು. ಎತ್ತು ನಡೆದಂತೆ ಊರು ದಾಟಿಸಿ, ಒಳ್ಳೆ ಡಾಂಬರು ಬಂದಾಗ ವೇಗ ಏರಿಸಿದೆ. ಕನ್ನಡಿಯಲ್ಲಿ ಅವರು ಕಾಣುತ್ತಿರಲಿಲ್ಲ. ಕ್ಯಾಬಿನ್ನಿಗೆ ಧಡ್ ಧಡ್ ಎಂದು ಬಡಿದರು. ನಿಲ್ಲಿಸಿ ಓಡಿಹೋದೆ.

ಅವರು ಧೂಳು ಮೆತ್ತಿದ ಕೆನ್ನೆಯಲ್ಲಿ ನಗುತ್ತಿದ್ದರು. "ಇಲ್ಲೇ," ಎಂದು ತಮ್ಮ ಎದೆಯ ಕೆಳಗಿನ ತಗಡನ್ನು ತಟ್ಟಿದರು. "ನಟ್ಟನಡುವ. ಶಾಫ್ಟಿನ್ಯಾಗ ಅದ."

ಗೇರ್ ಬಾಕ್ಸಿನಿಂದ ಹಿಂದಿನ ಗಾಲಿಗಳಿಗೆ ಬಲ ಒಯ್ಯುವ ಉದ್ದನೆಯ ಕಬ್ಬಿಣದ ದಂಡ ಅದು. ನಮ್ಮ ಗಾಡಿಯಲ್ಲಿ ಎರಡು ತುಂಡು, ನಡುವೆ ಒಂದನ್ನೊಂದು ಕಚ್ಚಿಕೊಂಡು ಒಂದು ಬೇರಿಂಗಿನಲ್ಲಿ ತೂಗುತ್ತದೆ. ಅವರಿಗೆ ಬಗ್ಗಲು ಆಗದು. ನಾನೇ ಸೀರೆ ಸಿಕ್ಕಿಸಿ, ಚೀಲ ಹಾಸಿಕೊಂಡು ಗಾಡಿಯ ಕೆಳಗೆ ತೂರಿದೆ. ಮೊಬೈಲ್ ಬೆಳಕು ಹಿಡಿದು ವಿಡಿಯೊ ಮಾಡಿ ತಂದು ತೋರಿಸಿದೆ. ಬೇರಿಂಗಿನ ಸುತ್ತಲಿನ ರಬ್ಬರ್ ಹರಿದು ಜೋತಾಡುತ್ತಿತ್ತು. ಅವರು ಮಾತ್ರ ವಿಡಿಯೊವನ್ನು ಹಿಂದೆ ಮುಂದೆ ಎಳೆದು ಬೇರೆಲ್ಲೋ ನೋಡುತ್ತಿದ್ದರು.

"ಈ ಎರಡು ಕೆಂಪು ಚುಕ್ಕಿ ಕಾಣ್ತಾವಲ್ಲ? ಹಿಂದ ನಾನ ಹಚ್ಚಿದ್ದು, ಮಗಳ ನೇಲ್ ಪಾಲಿಶ್ ತೊಗೊಂಡು. ಬಿಚ್ಚಿ ಹಾಕುವಾಗ ಇವು ಎದುರಾಬದುರಾ ಬರಬೇಕು. ಇಲ್ಲಾಂದ್ರ ಒಂದು ತುಂಡು ಒಂದು ಕಡಿ ಎಳೀತದ, ಇನ್ನೊಂದು ಇನ್ನೊಂದು ಕಡಿ. ನೋಡು, ಈಗ ಒಂದೆಲ್ಲೋ ಇನ್ನೊಂದೆಲ್ಲೋ ಅದಾವ."

ಶಾಫ್ಟ್ ಬಿಚ್ಚಿದ್ದು ಕ್ಲಚ್ ಹಾಕುವಾಗ. ಹಾಕಿದ್ದು ಭಾಯಿ. ಅದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ನನಗೆ ಮೈಯೆಲ್ಲ ಉರಿಯಿತು. ತಪ್ಪು ತಮ್ಮದು, ಹೆಸರು ಕೆಡಿಸಿದ್ದು ನನ್ನ ಕಾಲಿನದು! ನಮ್ಮವರು ಮಾತ್ರ, "ಅವ ಇಂಥಾ ತಪ್ಪು ಮಾಡಂವಲ್ಲ. ಚುಕ್ಕಿ ಹಚ್ಚೋದು ನನಗ ಕಲಿಸಿದಂವನ ಅವ," ಎಂದು ಪೆಚ್ಚಾಗಿ ಕೂತರು.

ಮರುದಿನ ಬೆಳಿಗ್ಗೆ ಗಾದಿಯ ಮೇಲೆ ಅವರನ್ನು ಮಲಗಿಸಿಕೊಂಡೇ ಮಾನ್ವಿಗೆ ಹೊರಟೆ. ದಾರಿಯುದ್ದಕ್ಕೂ ಬಯ್ಯಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಗ್ಯಾರೇಜಿನ ಮುಂದೆ ದೋಸ್ತನ ದನಿ ಕೇಳಿ ಭಾಯಿ ಓಡಿ ಬಂದು ತೋಳು ಹಿಡಿದು ಇಳಿಸಿಕೊಂಡರು, ಕಣ್ಣಲ್ಲಿ ನೀರು ತಂದುಕೊಂಡರು. ನಾನು ಬಯ್ಯುವುದನ್ನು ಆಮೇಲಕ್ಕೆ ಇಟ್ಟುಕೊಂಡೆ.

"ಲೇ, ಶಾಫ್ಟಿನ ಗುರುತು ಒಂದಿಷ್ಟು ನೋಡು," ಎಂದರು ನಮ್ಮವರು.

ಭಾಯಿ ಗಾಡಿಯ ಕೆಳಗೆ ಹೋದರು. ನಾನು ಬಗ್ಗಿ ಟಾರ್ಚ್ ಹಿಡಿದೆ. ಬೆಳಕು ಸರಿಯಾಗಿ ಕೆಂಪು ಚುಕ್ಕಿಯ ಮೇಲೆಯೇ ಬಿದ್ದಿತ್ತು.

"ಎಲ್ಲದ ಗುರುತು?" ಎಂದರು ಭಾಯಿ.

ನಾನು ತಿರುಗಿ ನಮ್ಮವರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಭಾಯಿ ಬೆರಳಿನಿಂದ ಕಬ್ಬಿಣವನ್ನು ತಡವುತ್ತಿದ್ದರು, ಚುಕ್ಕಿಯ ಮೇಲೆಯೇ ಬೆರಳು ಹಾದುಹೋಗುತ್ತಿತ್ತು.

"ನಿನ್ನ ಬೆರಳ ಕೆಳಗ ಅದಲ್ಲೋ," ಎಂದರು ನಮ್ಮವರು, ಮೆತ್ತಗೆ.

ತಡವುತ್ತಿದ್ದ ಬೆರಳು ಅಲ್ಲೇ ನಿಂತಿತು. ಭಾಯಿ ಹೊರಗೆ ಬಂದು ಗಾಲಿಗೆ ಒರಗಿ ಕೂತರು. "ಹೊಗಿ ತುಂಬಿದ ಮನ್ಯಾಗ ಕುಂತಂಗ ಕಾಣ್ತದ ಎಲ್ಲಾ. ವರ್ಷದ ಮ್ಯಾಲಾತು. ಯಾರಿಗೂ ಹೇಳಿಲ್ಲ. ಹೇಳಿದ್ರ ಗಾಡಿ ಯಾರು ತರ್ತಾರ, ಹೇಳು? ಕೈಲೇ ತಿಳಕೊಂಡು ಮಾಡಾಕತ್ತೀನಿ." ಆಮೇಲೆ ನನ್ನ ಕಡೆ ಮುಖ ಮಾಡಿದರು. ನಾನು ನಿಂತ ಕಡೆಗಲ್ಲ, ಸ್ವಲ್ಪ ಆಚೆಗೆ. "ಭಾಬೀ, ನಿಮ್ಮ ಕಾಲಿಂದೇನೂ ತಪ್ಪಿಲ್ಲ. ಮಾಫ್ ಮಾಡ್ರಿ."

ಜೋಡಿಸಿಕೊಂಡು ಬಂದ ಒಂದು ಮಾತೂ ನೆನಪಾಗಲಿಲ್ಲ. "ಏಳ್ರಿ ಭಾಯಿ, ಮೊದಲು ಇದನ್ನ ಸರಿ ಮಾಡೋಣ," ಎಂದೆ.

ಆ ಶಾಫ್ಟನ್ನು ಮೂವರೂ ಸೇರಿ ಬಿಚ್ಚಿದೆವು. ನಮ್ಮವರು ಕುರ್ಚಿಯ ಮೇಲೆ ಕೂತು ಹೇಳುವುದು, ಭಾಯಿ ಪಾನಾ ಹಿಡಿದು ನಟ್ಟು ತಿರುಗಿಸುವುದು, ಕಣ್ಣಿನ ಕೆಲಸ ನನ್ನದು. ಜಾಯಿಂಟಿನೊಳಗೆ ತಿರುಗುವ ಕ್ರಾಸುಗಳನ್ನು ಭಾಯಿ ಅಂಗೈಯಲ್ಲಿಟ್ಟು ಹೊರಳಿಸಿ, ಇವು ಗಟ್ಟಿ ಇವೆ ಎಂದರು. ಆ ಕೈ ತಪ್ಪುವುದಿಲ್ಲ. ನಡುವಿನ ಬೇರಿಂಗ್ ಹೊಸದು ಬಂತು. ಎರಡು ಚುಕ್ಕಿಗಳನ್ನು ಎದುರುಬದುರು ತಂದು ತುಂಡುಗಳನ್ನು ಕೂಡಿಸಿದವಳು ನಾನು. ಮಧ್ಯಾಹ್ನ ಸಿರವಾರದ ರಸ್ತೆಯಲ್ಲಿ ವೇಗ ಐವತ್ತು ದಾಟಿತು, ಅರವತ್ತೂ ದಾಟಿತು. ಸೀಟು ಸುಮ್ಮನಿತ್ತು. ಇಷ್ಟು ದಿನ ನಾನು ಓಡಿಸಿದ್ದು ಬೇರೆ ಯಾವುದೋ ಗಾಡಿ ಅನಿಸಿತು. ಪಕ್ಕದಲ್ಲಿ ಕೂತ ಭಾಯಿ ಡ್ಯಾಶ್‌ಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದ್ದರು.

"ಭಾಯಿ, ನಾಳಿ ರಾಯಚೂರಿಗೆ ಅಕ್ಕಿ ಲೋಡ್ ಅದ. ನನ್ನ ಜೋಡಿ ಬರ್ರಿ, ಕಣ್ಣಿನ ದವಾಖಾನಿಗೆ ಹೋಗೋಣ," ಎಂದೆ, ಗ್ಯಾರೇಜಿಗೆ ತಿರುಗಿ ಬಂದ ಮೇಲೆ. ಭಾಯಿ ಅಂಜಿಕೆ ಎಂದರು. ಕುರ್ಚಿಯಲ್ಲೇ ಕೂತಿದ್ದ ನಮ್ಮವರು, "ನನ್ನ ಬೆನ್ನು ಕೊಯ್ದಾರ, ನಿನ್ನ ಕಣ್ಣಿನ ಪರದೆ ಏನು ಮಹಾ," ಎಂದು ಗದರಿದರು.

ರಾಯಚೂರಿನಲ್ಲಿ ಕಣ್ಣಿನ ಪೊರೆ ತೆಗೆದ ಮೇಲೆ ಭಾಯಿ ಮೊದಲು ಹೋದದ್ದು ಸ್ಟ್ಯಾಂಡಿನ ಚಹಾದಂಗಡಿಗೆ. ಕಪ್ಪು ಕನ್ನಡಕ ಹಾಕಿಕೊಂಡೇ ಎಲ್ಲರೆದುರು, ಆ ಗಾಡಿ ಕೆಡಿಸಿದವನು ತಾನು ಎಂದು ಹೇಳಿದರಂತೆ. ಆಮೇಲೆ ಅಲ್ಲಿ ನನ್ನನ್ನು ಕಂಡು ಯಾರೂ ನಗಲಿಲ್ಲ. ನಕ್ಕರೂ ನನಗೇನೂ ಅನಿಸುತ್ತಿರಲಿಲ್ಲ.

ನಮ್ಮವರ ಬೆನ್ನು ಪೂರ್ತಿ ಸರಿಯಾಗಲಿಲ್ಲ, ಆಗುವುದೂ ಇಲ್ಲ. ಆದರೆ ಈಗ ಲೋಡಿಗೆ ಹೋಗುವ ದಿನ ನನ್ನ ಜೊತೆ ಮಾನ್ವಿಗೆ ಬರುತ್ತಾರೆ, ಗ್ಯಾರೇಜಿನ ಕುರ್ಚಿಯಲ್ಲಿ ಕೂರುತ್ತಾರೆ. ಸದ್ದು ಮಾಡುವ, ಎಳೆಯುವ, ನಡುಗುವ ಗಾಡಿ ತಂದವರು ಮೊದಲು ಅವರಿಗೆ ಕಷ್ಟ ಹೇಳಿಕೊಳ್ಳಬೇಕು. ಮೊನ್ನೆ ಮಿಲ್ಲಿನಿಂದ ತಿರುಗಿ ಬಂದರೆ ಇಬ್ಬರೂ ಒಂದು ಹಳೆಯ ಟೆಂಪೊದ ಗೇರ್ ಬಾಕ್ಸ್ ನಡುವೆ ಇಟ್ಟುಕೊಂಡು ಊರಿಗೆಲ್ಲ ಕೇಳುವಂತೆ ಜಗಳಾಡುತ್ತಿದ್ದರು. ನಾನು ಗಾಡಿ ನೆರಳಿಗೆ ನಿಲ್ಲಿಸಿ, ಅದು ಮುಗಿಯುವವರೆಗೆ ಬುತ್ತಿ ಬಿಚ್ಚಿ ಉಂಡೆ.