ಬಿಸಿಲಿಗಿಟ್ಟ ಖುಕ್ರಿ

ಅವರ ಎಡಗೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲಕ್ಕೆ, ಅಂಗೈಯಗಲದ ಜಾಗದಲ್ಲಿ ಒಂದು ಕೂದಲೂ ಇರುತ್ತಿರಲಿಲ್ಲ. ಉಳಿದ ತೋಳೆಲ್ಲ ಕರಡಿಯಂತೆ. ಖುಕ್ರಿ ಮಸೆದ ಮೇಲೆ ಹರಿತ ಬಂತೋ ಇಲ್ಲವೋ ಎಂದು ಅವರು ಅಲ್ಲೇ ಹೆರೆದು ನೋಡುತ್ತಿದ್ದರು. ಕೂದಲು ಉದುರಿದರೆ ಸೈ, ಇಲ್ಲದಿದ್ದರೆ ಮತ್ತೆ ಸಾಣೆಕಲ್ಲಿನ ಮುಂದೆ ಕೂರುತ್ತಿದ್ದರು.

ನಾನು ಬಾದನಹಟ್ಟಿಗೆ ಸೊಸೆಯಾಗಿ ಬಂದಾಗ ಅವರು ನಮ್ಮ ಪಕ್ಕದ ಹೊಲದವರು. ಸೈನ್ಯದಿಂದ ನಿವೃತ್ತರಾಗಿ ಬಂದವರಾದ್ದರಿಂದ ಊರಿಗೆಲ್ಲ ಮಿಲ್ಟ್ರಿ, ನನಗೆ ಮಿಲ್ಟ್ರಿ ಮಾವ. ಮೊಳದುದ್ದದ, ನಡುವೆ ಬಾಗಿದ ಆ ಭಾರದ ಕತ್ತಿ ಅವರ ಜೊತೆಗಿದ್ದ ನೇಪಾಳಿ ಸಿಪಾಯಿಯದು. ಅವನು ಹಿಮದಲ್ಲಿ ಹೂತುಹೋದ. ಅವನ ಮನೆಯವರು ನೀವೇ ಇಟ್ಟುಕೊಳ್ಳಿ ಎಂದರಂತೆ. "ಸತ್ತವನ ಸಾಮಾನು ಇದು, ಹಗುರಾಗಿ ಹಿಡಿಬಾರ್ದು" ಎನ್ನುತ್ತಿದ್ದರು.

ನಮ್ಮ ಕಡೆ ಜಾಲಿಗೇನು ಬರವೇ? ಕಾಲುವೆ ದಂಡೆಯಲ್ಲಿ ಹುಟ್ಟಿದ್ದು ವರ್ಷದೊಳಗೆ ಬದು ದಾಟಿ ಮೆಣಸಿನ ಗಿಡದ ಸಾಲಿಗೆ ಕಾಲಿಟ್ಟಿರುತ್ತದೆ. ಕೊಡಲಿ ಬೀಸಿದರೆ ಕೊಂಬೆ ಹೊಯ್ದಾಡಿ ಮುಳ್ಳು ನಮ್ಮ ಮುಖಕ್ಕೇ ಬರುತ್ತದೆ. ಖುಕ್ರಿಯ ತೂಕವೆಲ್ಲ ಮುಂಭಾಗದಲ್ಲಿ. ಮಾವ ಮಣಿಕಟ್ಟು ಸಡಿಲಬಿಟ್ಟು ಇಳಿಸಿದರೆ ಒಂದೇ ಏಟಿಗೆ ಕೊಂಬೆ ಕೆಳಗೆ. ನಮ್ಮ ಬದುವನ್ನೂ ಅವರೇ ಕಡಿದುಕೊಡುತ್ತಿದ್ದರು. ನಾನು ಮುಳ್ಳು ಎಳೆದು ರಾಶಿ ಹಾಕುತ್ತಿದ್ದೆ.

ಅವರ ಹತ್ತಿರ ಕೆಲಸ ಮಾಡುವುದೆಂದರೆ ಬೈಸಿಕೊಳ್ಳುವುದು. ಒರೆಯನ್ನು ಮುಷ್ಟಿ ತುಂಬ ಹಿಡಿದು ಖುಕ್ರಿ ಎಳೆಯಬಾರದು, ಅಲಗು ಒರೆಯ ಚರ್ಮ ಸೀಳಿ ಬೆರಳನ್ನೂ ಸೀಳುತ್ತದೆ; ಬೆನ್ನಿನ ಕಡೆ ಮಾತ್ರ ಹಿಡಿಯಬೇಕು. ಜಾಲಿಯ ರಸ ಒಣಗುವ ಮೊದಲೇ ಒರೆಸಿ ಕುಸುಬೆ ಎಣ್ಣೆ ಸವರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಹಿಡಿ. ಅಲಗಿನ ಬಾಲ ಮರದ ಹಿಡಿಯೊಳಗೆ ಅರಗಿನಲ್ಲಿ ಕೂತಿರುತ್ತದೆ. "ಅರಗಿಗೆ ನಮ್ಮ ಬಿಸಲು ಆಗಂಗಿಲ್ಲವ್ವಾ, ಮೆತ್ತಗಾಗಿಬಿಡ್ತೈತಿ. ನೆಳ್ಳಾಗ ಇಡು. ಕೈಗೆ ತಗಂಡಾಗೊಮ್ಮೆ ಅಳ್ಳಾಡಿಸಿ ನೋಡು" ಎಂದು ಅದೆಷ್ಟು ಸಲ ಹೇಳಿದ್ದರೋ. ಈ ಮನುಷ್ಯ ಒಂದೇ ಪಾಠ ಎಷ್ಟು ಸಲ ಒಪ್ಪಿಸುತ್ತಾರಪ್ಪ ಎಂದು ನನಗೆ ಬೇಜಾರಾಗುತ್ತಿತ್ತು.

ಅದು ಬೇಸಿಗೆ. ಬುತ್ತಿ ಬಿಚ್ಚುವ ಗಡಿಬಿಡಿಯಲ್ಲಿ ಖುಕ್ರಿಯನ್ನು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲಿಟ್ಟವಳು ನಾನು. ಕೆಳಗೆ ಆಗಷ್ಟೇ ನಿಂತ ಇಂಜಿನ್, ಮೇಲೆ ಬಳ್ಳಾರಿಯ ಬಿಸಿಲು. ಊಟ ಮುಗಿಸಿ ಮಾವ ಪೊದೆಯೊಳಗೆ ನುಗ್ಗಿ, ಎಡಗೈಯಲ್ಲಿ ಮುಳ್ಳುಕೊಂಬೆ ಎತ್ತಿ ಹಿಡಿದು, ಖುಕ್ರಿಗಾಗಿ ಬಲಗೈಯನ್ನು ಹಿಂದಕ್ಕೆ ಚಾಚಿದರು.

"ಹಿಡಿ ನೋಡಿದೇನವ್ವಾ?"

"ನೋಡೀನ್ರಿ ಮಾವ."

ನೋಡಿರಲಿಲ್ಲ. ಮೂರನೇ ಏಟಿಗೆ ಹಿಡಿ ಅವರ ಕೈಯಲ್ಲೇ ಉಳಿಯಿತು. ಅಲಗು ಅವರ ಎಡಗಾಲಿನಲ್ಲಿ, ಮೊಳಕಾಲ ಕೆಳಗೆ ಇಳಿದಿತ್ತು. ಅವರು ಕೂಗಲಿಲ್ಲ. "ಟವೆಲ್ ತಾ" ಎಂದರು, ಅಷ್ಟೇ.

ಬಳ್ಳಾರಿ ಆಸ್ಪತ್ರೆಯಲ್ಲಿ ಕಾಲು ಉಳಿಯಿತು. ಪಾದ ಮಾತ್ರ ಮತ್ತೆ ಮೇಲೇಳಲಿಲ್ಲ, ಎಳೆದುಕೊಂಡೇ ನಡೆಯಬೇಕಾಯಿತು. ನೋಡಲು ಹೋದ ನಾನು ಮಂಚದ ಪಕ್ಕ ಅಳುತ್ತ ನಿಂತಿದ್ದಾಗ ಮೆಲ್ಲಗೆ ಅಂದರು: "ನಾ ನಿನ್ನ ಕೇಳಬಾರದಿತ್ತು, ನಾನಾ ನೋಡಬೇಕಿತ್ತು. ಮನ್ಯಾಗ ಬಾಯಿ ಬಿಡಬ್ಯಾಡ. ನಿಮ್ಮತ್ತಿ ನಿನ್ನ ಬಾಳಾಕ ಬಿಡಂಗಿಲ್ಲ."

ನನ್ನ ಅತ್ತೆಯ ಬಾಯಿ ಅವರಿಗೆ ಗೊತ್ತಿತ್ತು. ಕೇಳಿದವರಿಗೆಲ್ಲ ಅವರು ಕೊಟ್ಟ ಉತ್ತರ ಒಂದೇ: "ಕೈ ಜಾರಿತು." ಊರು ಅದನ್ನು ಬಿಡಲಿಲ್ಲ. "ಮಿಲ್ಟ್ರಿಗೆ ವಯಸ್ಸಾತು, ಕೈ ನಡಗಾಕ ಹತ್ತೈತಿ" ಎಂದು ಹೋಟೆಲಿನ ಬೆಂಚಿನ ಮೇಲೆ ಅವರೆದುರೇ ನಗುತ್ತಿದ್ದರು. ಅವರೂ ಚಹಾ ಕುಡಿಯುತ್ತ ಹೂಂ ಅನ್ನುತ್ತಿದ್ದರಂತೆ. ಅದೆಲ್ಲ ನನ್ನ ಕಿವಿಗೂ ಬೀಳುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಅಷ್ಟು ಹೆದರುಪುಕ್ಕಲಿ ನಾನು.

ಎರಡು ವರ್ಷದ ನಂತರ ಅವರು ತೀರಿಕೊಂಡರು. ಮನೆಯ ಪಡಸಾಲೆಯಲ್ಲಿ ಕೂರಿಸಿ ವಿಭೂತಿ ಹಚ್ಚಿದ್ದರು. ಬಂದವರೊಬ್ಬರಿಗೆ ಮಾವನ ಮಗ ಹೇಳುತ್ತಿದ್ದ: "ಕೈ ಜಾರಿದ್ದಾ ನೆಪ ಆತ್ರಿ, ಅವತ್ತಿಂದ ಅಪ್ಪ ಸುಧಾರಿಸಲೇ ಇಲ್ಲ." ಪಕ್ಕದಲ್ಲೇ ಅತ್ತೆ ನಿಂತಿದ್ದರು. ಮಾವನ ಮುಖ ನೋಡಲಾಗದೆ ತಲೆ ತಗ್ಗಿಸಿದರೆ ಎದುರಿಗೆ ಅವರ ಎಡಗೈ. ಆ ಬೋಳು ಜಾಗದ ತುಂಬ ಬಿಳಿ ಕೂದಲು ಬೆಳೆದಿತ್ತು.

ಮಣ್ಣು ಮಾಡಿ ಬಂದ ಮರುದಿನ ಮಗ ಖುಕ್ರಿ ತಂದುಕೊಟ್ಟ. "ನಿಮಗಾ ಕೊಡು ಅಂದಿದ್ದ ಅಪ್ಪ. ಯಾಕೋ ಗೊತ್ತಿಲ್ಲ." ಮಾವ ಹೊಸ ಅರಗು ಹಾಕಿ ಹಿಡಿ ಕೂರಿಸಿದ್ದರು. ನಾನು ಮೊದಲು ಮಾಡಿದ ಕೆಲಸ ಅದನ್ನು ಅಲುಗಾಡಿಸಿ ನೋಡಿದ್ದು. ಗಟ್ಟಿಯಾಗಿತ್ತು.

ಈಗ ಅತ್ತೆಯೂ ಇಲ್ಲ. ಖುಕ್ರಿ ನೆರಳಲ್ಲಿದೆ, ಎಣ್ಣೆ ತಪ್ಪಿಸಿಲ್ಲ. ಮಿಲ್ಟ್ರಿ ಮಾವನ ಮಗ ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ. ನಿಮ್ಮ ಅಪ್ಪನ ಕೈ ಜಾರಿರಲಿಲ್ಲ. ನಾನು ಹಿಡಿ ನೋಡಿರಲಿಲ್ಲ.