ನಾನು ಹಾಕದೇ ಹೋದ ಸಹಿ

ಇದನ್ನು ಬರೆಯಬೇಕು ಎಂದುಕೊಂಡು ಆರು ವರ್ಷವಾಯಿತು. ಪ್ರತಿ ಸಲ ಏನಾದರೊಂದು ನೆಪ ಸಿಗುತ್ತಿತ್ತು. ಒಮ್ಮೆ ಕಣ್ಣಿನ ಆಪರೇಷನ್, ಒಮ್ಮೆ ಮೊಮ್ಮಗಳ ಮದುವೆ. ಮುಂದೂಡುವುದು ನನ್ನ ಹಳೆಯ ಚಟ. ಆ ಚಟದಿಂದಲೇ ಒಬ್ಬನ ಕೆಲಸ ಹೋಯಿತು. ಅವನ ಹೆಸರು ಬರೆಯುವುದಿಲ್ಲ. ಎದುರು ನಿಂತು ತಪ್ಪಾಯಿತು ಎನ್ನಲಾಗದವನು ಕಾಗದದ ಮೇಲೆ ಅವನನ್ನು ಹೆಸರು ಹಿಡಿದು ಕರೆಯುವುದು ಸರಿಯಲ್ಲ.

ಬಸವಕಲ್ಯಾಣದ ನಮ್ಮ ಮನೆಯ ಹಿಂದಿನ ಎರಡು ಖೋಲಿಗಳಲ್ಲಿ ಅವನು ಹೆಂಡತಿ ಮತ್ತು ಪುಟ್ಟ ಮಗಳೊಂದಿಗೆ ಬಾಡಿಗೆಗೆ ಇದ್ದ. ಗಡಿಯಾಚೆಯ ಉಮರ್ಗಾದವನು. ಹೆಂಡತಿ ಹುಮನಾಬಾದಿನವಳು. ಲಾರಿ ಓಡಿಸುತ್ತಿದ್ದುದರಿಂದ ತಿಂಗಳಲ್ಲಿ ಇಪ್ಪತ್ತು ದಿನ ಮನೆಯ ಹೊರಗೇ ಇರುತ್ತಿದ್ದ. ಬಂದಾಗಲೆಲ್ಲ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿಯ ತುದಿಯವರೆಗೆ ಹೋಗಿ ಬರುವನು.

ಎರಡು ವರ್ಷವಾದ ಮೇಲೆ ಊರಿನ ಒಂದು ಖಾಸಗಿ ಶಾಲೆಯಲ್ಲಿ ಅವನಿಗೆ ಬಸ್ ಓಡಿಸುವ ಕೆಲಸ ಸಿಕ್ಕಿತು. ಬೆಳಿಗ್ಗೆ ಗೋರ್ಟಾ ಕಡೆಯ ಮಕ್ಕಳನ್ನು ತರುವುದು, ಸಂಜೆ ಬಿಟ್ಟು ಬರುವುದು. ಇನ್ನು ದಿನಾ ಮನೆಯಲ್ಲೇ ಊಟ. ಆದರೆ ಶಾಲೆಯವರು ಒಂದು ಷರತ್ತು ಹಾಕಿದರು. ಅವನ ಲೈಸೆನ್ಸ್ ಮಹಾರಾಷ್ಟ್ರದ್ದು. ಶಾಲೆ ತೆರೆಯುವಷ್ಟರಲ್ಲಿ ಅದು ಇಲ್ಲಿಗೆ ವರ್ಗವಾಗಿ, ಇಲ್ಲಿಯ ವಿಳಾಸ ಬರಬೇಕು.

ಲೈಸೆನ್ಸ್ ಕೊಟ್ಟಿದ್ದ ಹಳೆಯ ಆರ್‌ಟಿಒ ಕಚೇರಿಗೆ ಎರಡು ಸಲ ಅಲೆದು ಅವರ ಒಪ್ಪಿಗೆ ಪತ್ರ, ಎನ್‌ಒಸಿ ತಂದ. ವೈದ್ಯರ ಸರ್ಟಿಫಿಕೇಟ್ ಮಾಡಿಸಿದ. ಉಳಿದದ್ದು ವಿಳಾಸದ ಪುರಾವೆ. ಆಧಾರ್ ಕಾರ್ಡಿನಲ್ಲೂ ಊರಿನ ವಿಳಾಸವೇ ಇತ್ತು. ಒಂದು ದಿನ ಸಂಜೆ ಬಾಂಡ್ ಪೇಪರಿನ ಮೇಲೆ ಬಾಡಿಗೆ ಕರಾರು ಟೈಪು ಮಾಡಿಸಿಕೊಂಡು ಬಂದ.

"ಕಾಕಾ, ಇದರ ಮ್ಯಾಲ ನಿಮ್ದೊಂದು ಸಹಿ, ಲೈಟ್ ಬಿಲ್ಲಿಂದೊಂದು ಝೆರಾಕ್ಸ್. ಇಷ್ಟಾದ್ರ ನನ್ನ ಕೆಲಸ ಆಯ್ತ್ರಿ."

"ಇಟ್ಟು ಹೋಗು, ನಾಳಿ ನೋಡ್ತೀನಿ" ಎಂದೆ.

ಮರುದಿನ ಬಂದ. ಬಿಲ್ಲು ಮಗನ ಹತ್ತಿರ ಇದೆ ಎಂದೆ. ಮತ್ತೊಂದು ದಿನ ಅಮಾವಾಸ್ಯೆ ಎಂದೆ. ಇನ್ನೊಂದು ದಿನ ಅವನು ಅಂಗಳಕ್ಕೆ ಬಂದದ್ದು ಕಂಡು ಮಲಗಿದವನಂತೆ ಮುಸುಕು ಹಾಕಿಕೊಂಡೆ. ಅವನು ಬೇಸರಿಸಲಿಲ್ಲ. "ಇಲ್ಲಿ ಆರ್‌ಟಿಒ ಕಚೇರ್‍ಯಾಗ ಸಿಪಾಯಿ ಈಗ ನನ್ನ ನೋಡಿ ಚಹಾ ಆಯ್ತೇನು ಅಂತ ಕೇಳ್ತಾನ್ರಿ ಕಾಕಾ. ಬೀಗರಾಗಿ ಬಿಟ್ಟೀವಿ" ಎಂದು ನಗುತ್ತಿದ್ದ.

ನನ್ನ ಹೆಂಡತಿ ಸುಮ್ಮನಿರಲಿಲ್ಲ. "ಒಂದು ಸಹಿ ಮಾಡಾಕ ಇಷ್ಟು ಮುಹೂರ್ತ ನೋಡಾಕತ್ತೀರಿ. ನಮ್ಮ ಲಗ್ನಕ್ಕೂ ಇಷ್ಟು ನೋಡಿದ್ದಿಲ್ಲ."

"ನಿನಗ ತಿಳಿಯಂಗಿಲ್ಲ. ಸರ್ಕಾರಿ ಕಾಗದದಾಗ ನಮ್ಮ ಮನಿ ವಿಳಾಸ ಸೇರಿತಂದ್ರ ನಾಳಿ ಖೋಲಿ ಬಿಡ ಅಂದ್ರ ಬಿಡ್ತಾನೇನು?"

"ಅಂವಾ? ಅಂವ ನಮ್ಮ ಬೆಕ್ಕಿಗೂ ದಾರಿ ಬಿಟ್ಟು ನಡೀತಾನ!"

ಅವಳಿಗೆ ಹೇಳಿದ ಕಾರಣ ಸುಳ್ಳು. ನಿಜವಾದ ಕಾರಣವನ್ನು ಆಕೆಗೂ ಹೇಳಿರಲಿಲ್ಲ. ನಮ್ಮ ಲೈಟ್ ಬಿಲ್ಲು ತೀರಿಕೊಂಡ ನಮ್ಮಪ್ಪನ ಹೆಸರಿನಲ್ಲೇ ಬರುತ್ತಿತ್ತು. ಮನೆಯೂ ಅವರ ಹೆಸರಿನಲ್ಲೇ ಇತ್ತು. ಅದನ್ನು ಬದಲಾಯಿಸಬೇಕೆಂದರೆ ಮನ್ನಾಏಖೇಳ್ಳಿಯಲ್ಲಿದ್ದ ನನ್ನ ತಂಗಿಯ ಸಹಿ ಬೇಕು. ಕೇಳಿದರೆ ಅವಳು ಪಾಲು ಬೇಡುತ್ತಾಳೆಂಬ ಅಂಜಿಕೆಯಿಂದ ಇಪ್ಪತ್ತು ವರ್ಷ ಆ ಮಾತೇ ಎತ್ತಿರಲಿಲ್ಲ. ಈಗ ಮನೆಯ ಮಾಲೀಕ ಎಂದು ಸಹಿ ಮಾಡಿದರೆ, ಬಿಲ್ಲಿನ ಮೇಲಿರುವವರು ಯಾರು ಎಂದು ಕಚೇರಿಯಲ್ಲಿ ಯಾರಾದರೂ ಕೇಳುತ್ತಾರೆ, ಸುದ್ದಿ ಹೇಗೋ ತಂಗಿಗೆ ಮುಟ್ಟುತ್ತದೆ ಎಂದು ಹೆದರಿದೆ. ಬೇಳೆ ಮಿಲ್ಲಿನಲ್ಲಿ ಕಾರಕೂನನಾಗಿ ಜೀವಮಾನವೆಲ್ಲ ಕಾಗದಗಳ ನಡುವೆಯೇ ಕಳೆದವನು ನಾನು. ಒಂದು ಕಾಗದ ಇನ್ನೊಂದನ್ನು ಎಳೆದುಕೊಂಡು ಬರುತ್ತದೆಂದು ಗೊತ್ತಿತ್ತು.

ಇಷ್ಟೇ ಆಗಿದ್ದರೆ ಇದನ್ನು ಸೋಮಾರಿತನವೆಂದು ಕರೆದುಬಿಡಬಹುದಿತ್ತು. ಶಾಲೆ ತೆರೆಯಲು ವಾರವಿದ್ದಾಗ ಅಲ್ಲಿಯ ಗುಮಾಸ್ತರೊಬ್ಬರು ವಿಚಾರಿಸಲು ಮನೆಗೆ ಬಂದರು. ಒಳ್ಳೆಯ ಮನುಷ್ಯ. "ಲೈಸನ್ಸ್ ತಡ ಆದ್ರೂ ನಡೀತದ್ರಿ. ಇವರು ಇಲ್ಲೇ ಇರ್ತಾರ, ಭರೋಸದ ಮನುಷ್ಯಾ ಅಂತ ನೀವು ಹಿರೇರು ಒಂದು ಮಾತು ಹೇಳ್ರಿ, ಸಾಕು" ಎಂದರು.

ಭರೋಸೆ ಇದೆ ಎಂದರೆ ಸಹಿ ಹಾಕದಿರಲು ನನ್ನ ಬಳಿ ಯಾವ ನೆಪವೂ ಉಳಿಯುತ್ತಿರಲಿಲ್ಲ. "ಸದ್ಯ ಇದ್ದಾನ್ರಿ" ಎಂದೆ. "ಹೊರಗಿನಾಂವ. ಎಷ್ಟು ದಿನ ಇರ್ತಾನೋ, ಹ್ಯಾಂಗೋ, ನನಗೇನು ಖಾತ್ರಿ ಇಲ್ಲ."

ಅವನ ಹೆಂಡತಿ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕೈ ನಿಂತಿತು. ತಲೆ ಎತ್ತಲಿಲ್ಲ.

ಕೆಲಸ ಬೇರೆಯವರಿಗೆ ಹೋಯಿತು. ತಿಂಗಳ ಕೊನೆಗೆ ಅವರು ಹುಮನಾಬಾದಿನ ಅವಳ ತವರಿಗೆ ಹೊರಟರು. ಸಾಮಾನೆಲ್ಲ ಟೆಂಪೋಗೆ ಏರಿಸಿದ ಮೇಲೆ ಅವನು ಕೀಲಿ ಕೊಡಲು ಬಂದ. ಬೈಯಲಿ ಎಂದು ಕಾದೆ.

"ಕಾಕಾ, ನಳಕ್ಕ ಹೊಸ ವಾಷರ್ ಹಾಕೀನಿ. ಇನ್ನ ಸೋರಂಗಿಲ್ಲ" ಎಂದ.

ಖಾಲಿ ಖೋಲಿಗಳನ್ನು ಗುಡಿಸುತ್ತಾ ಹೆಂಡತಿಗೆ ಎಲ್ಲ ಹೇಳಿದೆ. ಮೂರನೆಯ ದಿನ ಅವಳು, "ಮೊದಲು ತಂಗಿ ಹತ್ರ ಹೋಗ್ರಿ" ಎಂದಳು. ಹೋಗಲು ಮತ್ತೆ ಒಂದು ವರ್ಷ ತೆಗೆದುಕೊಂಡೆ. ತಂಗಿ ತನ್ನ ಕಿರಾಣಿ ಅಂಗಡಿಯಲ್ಲಿ ಕೂತು ಹುಣಸೆ ಹಣ್ಣು ಬಿಡಿಸುತ್ತಾ ನನ್ನ ಮಾತನ್ನು ಪೂರ್ತಿ ಕೇಳಿದಳು.

"ನಾ ಯಾವತ್ತರೆ ಪಾಲು ಕೇಳೀನೇನು, ಅಣ್ಣಾ?"

"ಇಲ್ಲವ್ವ."

"ಕೇಳಿಲ್ಲಂದ್ರ ಬ್ಯಾಡ ಅಂದಂಗಲ್ಲ ಮತ್ತ!" ಎಂದು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೆ ಈಗ ಇಬ್ಬರ ಹೆಸರಿನಲ್ಲಿದೆ. ನಾನು ಅಷ್ಟು ವರ್ಷ ಹೆದರಿದ್ದ ಯಾವುದೂ ಆಗಲಿಲ್ಲ.

ಅವನನ್ನು ಮತ್ತೆ ಕಂಡದ್ದು ಒಂದೇ ಸಲ, ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ. ಅವನೇ ಗುರುತಿಸಿ ಬಂದು ಕಾಲು ಮುಟ್ಟಿದ. ನನ್ನ ಚೀಲ ತೆಗೆದುಕೊಂಡು ಬಸ್ ಹತ್ತಿ ಕಿಟಕಿಯ ಸೀಟು ಹಿಡಿದು ಕೊಟ್ಟ. ಕೆಳಗಿಳಿದು ಕಿಟಕಿಯ ಹತ್ತಿರ ನಿಂತ.

"ಲೈಸನ್ಸ್ ಆಯ್ತೇನಪ್ಪಾ?" ಎಂದು ಕೇಳಿದೆ.

"ಆಯ್ತ್ರಿ ಕಾಕಾ. ಅತ್ತಿ ಮನಿ ವಿಳಾಸಕ್ಕ ಮಾಡಿಸ್ಕೊಂಡೆ. ಈಗ ಮತ್ತ ಲಾರಿನೇ, ಹದಿನೈದು ದಿನಕ್ಕೊಮ್ಮೆ ಮನಿ. ಮಗಳು ನನ್ನ ನೋಡಿದ್ರ ಅವರವ್ವನ ಹಿಂದ ಅಡಗತಾಳ. ಹೊಂದಿಕೊಳ್ಳೋ ಹೊತ್ತಿಗೆ ನಾ ಹೊಂಟು ನಿಂತಿರ್ತೀನಿ." ಇದನ್ನೂ ನಗುತ್ತಲೇ ಹೇಳಿದ.

ಬಸ್ಸು ಅಷ್ಟರಲ್ಲಿ ಹೊರಟುಬಿಟ್ಟಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಂಡಕ್ಟರ್ ಚಹಾ ಕುಡಿಯಲು ಹೋಗಿದ್ದ. ಬಸ್ಸು ಇನ್ನೂ ಹತ್ತು ನಿಮಿಷ ನಿಂತಿತ್ತು, ಅವನೂ ನಿಂತಿದ್ದ. ಹೇಳಬೇಕಾದ ಮಾತು ನಾಲಿಗೆಯ ಮೇಲಿತ್ತು. ಈ ಸಲ ಬಿಸಿಲು ಬಹಳ ಅಲ್ಲೇನಪ್ಪಾ ಎಂದೆ. ಹೌದ್ರಿ ಕಾಕಾ, ಬಹಳ ಎಂದ ಅವನು.