ಮೂರು ದಿನದ ನಲ್ಲಿ ನೀರು

ನೀರು ಬರುವುದಕ್ಕೆ ಮುಂಚೆ ನಲ್ಲಿಯೊಳಗಿಂದ ಬುಸ್ಸೆಂದು ಗಾಳಿ ಹೊರಡುತ್ತದಲ್ಲ, ಆ ಸದ್ದು ಕೇಳಿದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಮೊನ್ನೆ ಅಡುಗೆಮನೆಯ ನಲ್ಲಿ ಸೋರುತ್ತದೆಂದು ಪ್ಲಂಬರನ್ನು ಕರೆಸಿದ್ದೆ. ಅವನು ನಲ್ಲಿಯ ತಲೆ ಬಿಚ್ಚಿ, ಸವೆದುಹೋದ ವಾಷರನ್ನು ಕೆರೆದು ತೆಗೆದು, "ಇಷ್ಟೇ ಆಂಟಿ, ಇದೊಂದು ಹೋಗಿತ್ತು" ಎಂದು ನನ್ನ ಅಂಗೈ ಮೇಲಿಟ್ಟ. ಎಂಬತ್ತರ ಹತ್ತಿರ ಬಂದವಳನ್ನು ಆಂಟಿ ಅನ್ನುತ್ತಾನಲ್ಲ ಎಂದು ನಗು ಬರಬೇಕಿತ್ತು, ಬರಲಿಲ್ಲ. ಆ ಕಪ್ಪು ಬಿಲ್ಲೆಯನ್ನು ಮೂಗಿಗೆ ಹಿಡಿದು ಮೂಸಿ, "ಇದು ಚರ್ಮದ್ದೇನಪ್ಪಾ?" ಎಂದು ಕೇಳಿದೆ. "ಅಯ್ಯೋ, ಈಗೆಲ್ಲಿ ಚರ್ಮ? ರಬ್ಬರ್ ಆಂಟಿ" ಎಂದು ನಕ್ಕ. ಪಾಪ, ಅವನಿಗೇನು ಗೊತ್ತು. ಅಷ್ಟಗಲದ ಒಂದು ಚರ್ಮದ ತುಂಡು ನಮ್ಮ ಮನೆಯನ್ನು ಏನು ಮಾಡಿತೆಂದು ಗೊತ್ತಿರುವವಳು ಈಗ ನಾನೊಬ್ಬಳೇ ಉಳಿದಿದ್ದೇನೆ.

ಆಗಿನ್ನೂ ರಾಜಾಜಿನಗರ ಊರೆನ್ನುವ ಹಾಗೆ ಇರಲಿಲ್ಲ. ಕೆಮ್ಮಣ್ಣಿನ ರಸ್ತೆಗಳನ್ನು ಗೀಚಿ, ಗಡಿಗೆ ಕಲ್ಲು ನೆಟ್ಟು, ಅಲ್ಲೊಂದು ಇಲ್ಲೊಂದು ಹೆಂಚಿನ ಮನೆಗಳ ಸಾಲು ಕಟ್ಟಿದ್ದರು. ಅಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಸಾಲಿನ ಕೊನೆಯ ಮನೆ ನಮ್ಮದು. ಹಿತ್ತಲ ಬೇಲಿ ದಾಟಿದರೆ ಕುರುಬರಹಳ್ಳಿಯವರ ರಾಗಿ ಹೊಲ, ಹೊಲದ ಮೂಲೆಯಲ್ಲಿ ಕಲ್ಲು ಕಟ್ಟಿದ ಮೆಟ್ಟಿಲು ಬಾವಿ. ಆ ನೀರಿನ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ, ಎಳನೀರಿನ ಕೊನೆಯ ಗುಟುಕಿನ ಹಾಗೆ. ಚಿತ್ರದುರ್ಗದ ಕಡೆಯ ಹಳ್ಳಿಯಿಂದ ಅಪ್ಪನ ಜೊತೆ ಬಂದ ಅಜ್ಜಿ, ಈ ಊರಿನಲ್ಲಿ ಮೆಚ್ಚಿದ್ದು ಆ ಬಾವಿಯೊಂದನ್ನೇ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತಳೆಂದರೆ ಮನೆಯೆಲ್ಲ ಪಿಸುಮಾತಿಗೆ ಇಳಿಯುತ್ತಿತ್ತು. ಪೂಜೆಯ ನೀರಿಗೆ ಅಗ್ಗಣಿ ಅನ್ನುತ್ತಾರೆ. ಬಿಳಿಯ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ ಆ ನೀರನ್ನು ಮೊದಲು ಲಿಂಗಕ್ಕೆ ಎರೆದು, ಮಿಕ್ಕಿದ್ದನ್ನೇ ಅಜ್ಜಿ ದಿನವಿಡೀ ಕುಡಿಯುತ್ತಿದ್ದಳು. ಬೇರೆ ನೀರನ್ನು ತುಟಿಗೆ ತಾಗಿಸುತ್ತಿರಲಿಲ್ಲ. ಒಂಬತ್ತನೆಯ ವಯಸ್ಸಿಗೆ ನನಗೆ ದೀಕ್ಷೆಯಾದ ಮೇಲೆ ಅಗ್ಗಣಿ ತರುವ ಕೆಲಸ ನನ್ನದಾಯಿತು. ಸ್ನಾನ ಮಾಡಿ, ಮೈಯಿಂದ ನೀರು ಸುರಿಯುತ್ತಿರುವಾಗಲೇ ಪುಟ್ಟ ತಾಮ್ರದ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಬರುತ್ತಿದ್ದರೆ ಎಷ್ಟು ಜಂಬ ನನಗೆ! ಅಜ್ಜಿ ಬಿಂದಿಗೆ ಇಳಿಸಿಕೊಂಡು ನನ್ನ ಗಲ್ಲ ಹಿಡಿದು, "ನೀ ತಂದ ನೀರು ಅಂದ್ರೆ ಎಲ್ಲೀದು ಅಂತ ನಾನು ಕೇಳಾದೇ ಇಲ್ಲ ಕಣೇ ಪುಟ್ಟಿ" ಅನ್ನುತ್ತಿದ್ದಳು.

ರಸ್ತೆ ತಿರುವಿಗೆ ಬೀದಿ ನಲ್ಲಿ ಬಂದ ದಿನ ಹೆಂಗಸರೆಲ್ಲ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ನೀರು ಬಿಡುವವನು ಮುನಿಯಪ್ಪ, ಕುರುಬರಹಳ್ಳಿಯವನೇ. ಎದೆಯುದ್ದದ ಕಬ್ಬಿಣದ ಕೀಲಿ ಹೊತ್ತು ಬಂದು ನೆಲದೊಳಗಿನ ವಾಲ್ವಿನ ಬೀಗ ತಿರುಗಿಸುತ್ತಿದ್ದ. ಆಮೇಲೆ ಆ ಬುಸ್ಸೆನ್ನುವ ಗಾಳಿ, ಆಮೇಲೆ ತುಕ್ಕಿನ ವಾಸನೆಯ ಕೆಂಪು ನೀರು, ಅದು ಹರಿದುಹೋದ ಮೇಲೆ ತಿಳಿ ನೀರು. ನಲ್ಲಿಯೊಳಗೆ ಚರ್ಮದ ಬಿಲ್ಲೆ ಇರುತ್ತದೆಂದು ಯಾರೋ ಅಜ್ಜಿಯ ಕಿವಿಗೆ ಹಾಕಿದರು. ಮುಗಿಯಿತು, ಚರ್ಮ ತಾಗಿದ ನೀರು ಲಿಂಗಕ್ಕೆ ಸಲ್ಲದು ಎಂದುಬಿಟ್ಟಳು. ಅಪ್ಪ ತನ್ನ ತಾಯಿಯ ಭಕ್ತ. ಹಳೆಯ ಸೈಕಲ್ ಟೈರಿನಿಂದ ಬಿಲ್ಲೆ ಕತ್ತರಿಸಿ, ಮುನಿಯಪ್ಪನನ್ನು ಗೋಗರೆದು, ನಲ್ಲಿಯ ಚರ್ಮ ತೆಗೆಸಿ ರಬ್ಬರು ಹಾಕಿಸಿದ. ಅಜ್ಜಿ ಎಲ್ಲವನ್ನೂ ಸಮಾಧಾನವಾಗಿ ಕೇಳಿ, "ಈ ಒಂದು ನಲ್ಲಿಗೆ ಹಾಕ್ದೆ ಮಗನೇ. ಕೆರೆಯಿಂದ ಇಲ್ಲೀತನಕ ಎಷ್ಟು ಬೀಗ ಅದಾವೋ ಅಷ್ಟಕ್ಕೂ ಹಾಕಿ ಬಾ, ಕುಡೀತೀನಿ" ಅಂದಳು. ಅಪ್ಪ ನಗಲಾರದೆ ಅಳಲಾರದೆ ಸೈಕಲ್ ಹತ್ತಿ ಕೆಲಸಕ್ಕೆ ಹೋದ.

ಮುಂದಿನ ವರ್ಷ ಚರಂಡಿ ಕೊಳವೆಗಳು ಬಂದವು. ಮನೆಮನೆಯ ಕಕ್ಕಸಿನಿಂದ ಹೊರಟ ಕೊಳವೆ ನಮ್ಮ ಸಾಲಿನ ತುದಿಗೆ ಬಂದು ನಿಂತುಬಿಟ್ಟಿತು. ಮುಂದಿನ ಕೆಲಸ ಆಮೇಲೆ ಎಂದು, ಸದ್ಯಕ್ಕೆ ಅಲ್ಲೇ ಒಂದು ಗುಂಡಿ ತೋಡಿ ಎಲ್ಲವನ್ನೂ ಅದಕ್ಕೆ ಬಿಟ್ಟು ಹೋದರು. ಬಾವಿ ಅಲ್ಲಿಂದ ಇಳಿಜಾರಿನಲ್ಲಿ ಮೂವತ್ತು ಹೆಜ್ಜೆ. ಮಳೆಗಾಲ ಬಂತು. ಒಂದು ಬೆಳಿಗ್ಗೆ ಬಾವಿಯ ಅಂಚಿನಲ್ಲಿ ಹಸಿರು ಪೊರೆ ಕಂಡೆ. ಮುನಿಯಪ್ಪ ಹಿತ್ತಲ ಬೇಲಿಯ ಬಳಿ ನಿಂತು ನನ್ನ ಅವ್ವನನ್ನು ಕೂಗಿದ. "ಅವ್ವಾ, ಆ ಬಾವಿ ನೀರು ಬ್ಯಾಡಿ. ನಮ್ಮಪ್ಪ ತೋಡ್ಸಿದ ಬಾವಿ ಅದು, ಹೇಳೋಕೆ ನಂಗೇ ಹೊಟ್ಟೆ ಉರೀತೈತೆ. ಆದ್ರೂ ಹೇಳ್ತೀನಿ, ಬ್ಯಾಡಿ" ಅಂದ. ಅವನ ಕಣ್ಣು ತುಂಬಿತ್ತು.

ಅಜ್ಜಿ ಬಟ್ಟೆಯ ಮಡಿಕೆಯನ್ನು ನಾಲ್ಕರಿಂದ ಎಂಟು ಮಾಡಿಕೊಂಡಳು, ಅಷ್ಟೇ. ಹದಿನೈದು ದಿನಕ್ಕೆ ವಾಂತಿ ಭೇದಿ ಹಿಡಿಯಿತು. ಮಲ್ಲೇಶ್ವರದಿಂದ ಜಟಕಾದಲ್ಲಿ ಬಂದ ಡಾಕ್ಟರು ಬಿಂದಿಗೆಯೊಳಕ್ಕೆ ಬಗ್ಗಿ ನೋಡಿ, ಇನ್ನು ಈ ನೀರು ಕೊಟ್ಟರೆ ನನ್ನನ್ನು ಕರೆಯಬೇಡಿ ಎಂದು ಸಿಟ್ಟಿನಿಂದ ಹೇಳಿ ಹೋದರು. "ಕಾಯಿಸಿ ಕೊಡ್ತೀನಿ ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅವ್ವ ನಿಜವಾಗಿಯೂ ಕಾಲು ಹಿಡಿದಳು. "ಕಾಯ್ಸಿದ ನೀರು ಲಿಂಗಕ್ಕೆ ಎರೀತಾರೇನೇ?" ಅಂದಳು ಅಜ್ಜಿ. ಅಪ್ಪ ಕುರುಬರಹಳ್ಳಿಯ ಊರ ಬಾವಿಯಿಂದ ಕೊಡ ತುಂಬಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದ. ಸೈಕಲ್ಲಿನ ಸೀಟು ಚರ್ಮದ್ದು ಎಂದು ಅಜ್ಜಿ ಅದನ್ನೂ ಮುಟ್ಟಲಿಲ್ಲ. ಕೈ ಕಡ್ಡಿಯಾಗಿತ್ತು, ಲಿಂಗ ಹಿಡಿದರೆ ನಡುಗುತ್ತಿತ್ತು. ಹಟ ಮಾತ್ರ ಒಂದು ಗುಲಗಂಜಿಯಷ್ಟೂ ಕರಗಿರಲಿಲ್ಲ. ಅಪ್ಪ ಜಗಲಿಯ ಮೇಲೆ ತಲೆ ಹಿಡಿದು ಕೂತುಬಿಟ್ಟ.

ಆ ದಿನ ಅವ್ವ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋದಳು. "ನಾಳೆಯಿಂದ ನಲ್ಲೀದು ತಾ. ಸುತ್ತು ಹಾಕ್ಕೊಂಡು ಹಿತ್ತಲಿಂದ ಒಳಗೆ ಬಾ. ಬಾವೀದು ಅಂತ ಅವರೇ ತಿಳ್ಕೋತಾರೆ. ಪಾಪ ಬಂದ್ರೆ ನಂಗೆ ಬರ್ಲಿ, ನಿಂಗಲ್ಲ" ಅಂದಳು. ಅವಳ ಉಗುರು ನನ್ನ ತೋಳಿಗೆ ನಾಟಿತ್ತು. ನಾನು ಹಾಗೇ ಮಾಡಿದೆ. ಮೂರು ದಿನ ನಲ್ಲಿಯಿಂದ ತುಂಬಿಕೊಂಡು, ಹೊಲದ ಕಡೆಯಿಂದ ಸುತ್ತಿ, ಹಿತ್ತಲ ಬಾಗಿಲಲ್ಲಿ ಬಂದೆ. ಅಜ್ಜಿ ಸೋಸಿದಳು, ಲಿಂಗಕ್ಕೆ ಎರೆದಳು, ಕುಡಿದಳು. ಎರಡನೆಯ ದಿನಕ್ಕೆ ಭೇದಿ ನಿಂತಿತು. ಮೂರನೆಯ ದಿನ ಗೋಡೆಗೆ ಒರಗಿ ಕೂತು ಗಂಜಿ ಕುಡಿದಳು. ಅವ್ವ ಒಲೆಯ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು, ಸಂತೋಷಕ್ಕೆ. ಅಜ್ಜಿ ನನ್ನನ್ನು ಹತ್ತಿರ ಕರೆದು, ಗಲ್ಲ ಹಿಡಿದು, "ನೋಡ್ದೇನೇ, ನಮ್ಮ ಬಾವಿ ನೀರೇ ನನ್ನ ಕಾಪಾಡ್ತು. ನೀ ತಂದ ನೀರು ಅಂದ್ರೆ ನಾನು ಕೇಳಾದೇ ಇಲ್ಲ" ಅಂದಳು.

ಆಮೇಲೆ ನಾನು ಮಾಡಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ನಾಲ್ಕನೆಯ ದಿನ ಅವ್ವ ನೋಡುತ್ತಿದ್ದಂತೆ ಮುಂಬಾಗಿಲಿನಿಂದ ಹೊರಟೆ. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ಸರದಿಯಲ್ಲಿ ನಿಂತೆ. ಬುಸ್ಸೆಂದು ಗಾಳಿ ಬಂತು. ಆ ಸದ್ದು, ಅಜ್ಜಿಗೆ ಮೋಸ ಮಾಡುತ್ತೀಯಾ ಎಂದು ನನ್ನನ್ನೇ ಬೈದ ಹಾಗಾಯಿತು. ಬಿಂದಿಗೆ ಎತ್ತಿಕೊಂಡು ಓಡಿಬಿಟ್ಟೆ. ಬಾವಿಯಲ್ಲಿ ಹಸಿರು ಪೊರೆಯನ್ನು ಬಿಂದಿಗೆಯ ತಳದಿಂದ ಆಚೆ ಸರಿಸಿ, ನಡುವಿನ ನೀರು ತುಂಬಿಕೊಂಡೆ. ಲಂಗದ ಅಂಚಿನಲ್ಲಿ ಒಂದು ಸಲ ನಾನೇ ಸೋಸಿದೆ. ನೀರು ತಿಳಿಯಾಗಿಯೇ ಕಾಣುತ್ತಿತ್ತು, ದೇವರಾಣೆ. ಅಜ್ಜಿಯ ಮುಂದೆ ಇಟ್ಟಾಗ ನನ್ನ ಮನಸ್ಸು ಎಷ್ಟು ಹಗುರಾಯಿತೆಂದರೆ ಕುಣಿಯಬೇಕೆನ್ನಿಸಿತು. ಐದು ದಿನ ಹಾಗೇ ತಂದೆ. ಮಾರನೆಯ ದಿನ ಅಜ್ಜಿ ಏಳಲಿಲ್ಲ. ಅದರ ಮರುದಿನ ಮಧ್ಯಾಹ್ನ, ಲಿಂಗ ಅಂಗೈಯಲ್ಲಿ ಇರುವಾಗಲೇ, ಹೋಗಿಬಿಟ್ಟಳು. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಿಂದಿಗೆಯಲ್ಲಿ ಇನ್ನೂ ಅರ್ಧ ನೀರಿತ್ತು. ನಾನು ಅದನ್ನು ಹಿತ್ತಲಿಗೆ ಒಯ್ದು ಬೇಲಿಯ ಬುಡಕ್ಕೆ ಚೆಲ್ಲಿದೆ.

ಆ ಬಾವಿಗೆ ಮುಂದೆ ಕಲ್ಲುಮಣ್ಣು ತುಂಬಿದರು. ಮುನಿಯಪ್ಪ ಅವತ್ತು ಕೀಲಿ ಕೆಳಗಿಟ್ಟು ಹೊಲದ ಬದುವಿನಲ್ಲಿ ಕೂತಿದ್ದ. ಹೊಲ ಹೋಯಿತು, ಹೆಂಚಿನ ಸಾಲು ಹೋಯಿತು, ಈಗ ಬಾವಿಯಿದ್ದ ಕಡೆ ಮೂರು ಅಂತಸ್ತಿನ ಮನೆಯಿದೆ. ಅಪ್ಪನೂ ಹೋದ. ಅವ್ವ ಉಳಿದಳು. ಅಜ್ಜಿ ಸತ್ತ ವಾರದಿಂದ ಅವ್ವ ಪ್ರತಿ ಸೋಮವಾರ ಹೊತ್ತು ಮುಳುಗುವ ತನಕ ಒಂದು ಹನಿ ನೀರು ಮುಟ್ಟುತ್ತಿರಲಿಲ್ಲ. ಮೂವತ್ತು ವರ್ಷ. ಯಾಕೆಂದು ಕೇಳಿದವರಿಗೆ ಹರಕೆ ಅನ್ನುತ್ತಿದ್ದಳು. ಯಾಕೆಂದು ನನಗೆ ಗೊತ್ತಿತ್ತು. ನಾನು ಕೊನೆಯ ತನಕ ನಲ್ಲಿ ನೀರೇ ತರುತ್ತಿದ್ದೆ ಎಂದು ಅವಳು ನಂಬಿದ್ದಳು.

ಕೊನೆಗೆ ಅವಳೂ ಆಸ್ಪತ್ರೆಯಲ್ಲಿ ಮಲಗಿದಳು. ಒಂದು ಬೆಳಿಗ್ಗೆ ನನ್ನ ಕೈ ಹಿಡಿದು, "ನಿಮ್ಮಜ್ಜಿ ನೇಮ ನಾನು ಕೆಡಿಸ್ದೆ ಕಣೇ. ಲಿಂಗಕ್ಕೆ ಚರ್ಮದ ನೀರು ಎರೆಸ್ದೆ. ಅದಕ್ಕೇ ಅವರು ಉಳೀಲಿಲ್ಲ" ಅಂದಳು. ಇಲ್ಲ ಅವ್ವಾ, ನೀನು ಅವರನ್ನು ಉಳಿಸಿದ್ದೆ, ಕಳೆದವಳು ನಾನು. ಅಷ್ಟು ಮಾತು ಬಾಯಿಯ ತನಕ ಬಂದಿತ್ತು. ಹೇಳಿದ್ದರೆ ಅವಳು ಹಗುರಾಗಿ ಹೋಗುತ್ತಿದ್ದಳು. ಆದರೆ ಹೋಗುವ ಮುಂಚೆ ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾಳೋ ಎಂದು ಹೆದರಿದೆ. ಹೇಡಿ ನಾನು. ಅವಳ ತುಟಿ ಒಣಗಿ ಬಿರಿದಿತ್ತು. "ನೀರು ಬೇಕೇನವ್ವಾ?" ಎಂದಷ್ಟೇ ಕೇಳಿದೆ. ಬೇಡವೆಂದು ತಲೆಯಾಡಿಸಿದಳು. ಅವತ್ತು ಸೋಮವಾರ.